ತಪ್ಪಿನ ಎಳೆ

ಹಗ್ಗದಂಗಳ, ಗುಡ್ಡದ ಊರು
ಇನ್ನೂರನೇ ವರ್ಷ, ಎರಡನೇ ತಿಂಗಳ ನಾಲ್ಕು

ತಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ಕೇಳು.

ನಿನ್ನೆ ಬೆಳಿಗ್ಗೆ ರಾಜಧಾನಿಯಿಂದ ಇಬ್ಬರು ಜವಾನರು ಬಂದು ನಮ್ಮ ಅಂಗಳದ ಗೋಡೆಗೆ, ನಾವು ನಾರು ಒಣಹಾಕುವ ಗೋಡೆಗೇ, ಬಾಗಿಲಷ್ಟು ದೊಡ್ಡ ಕಾಗದ ಅಂಟಿಸಿ ಹೋದರು. ಒಂದು ಮಾತು ಕೇಳಲಿಲ್ಲ. ವರ್ತಕರ ಆಳ್ವಿಕೆಗೆ ಇನ್ನೂರು ವರ್ಷವಾಯಿತಂತೆ. ನಾಡಿನ ಚರಿತ್ರೆಯನ್ನು ಹೊಸದಾಗಿ ಬರೆಸುತ್ತಿದ್ದಾರಂತೆ. ಏಳನೇ ತಿಂಗಳ ಹದಿನೈದಕ್ಕೆ ಅದಕ್ಕೆ ಅರಗಿನ ಮೊಹರಂತೆ. ಆಮೇಲೆ ನೂರು ವರ್ಷ ಯಾರೂ ಒಂದಕ್ಷರ ತಿದ್ದುವ ಹಾಗಿಲ್ಲವಂತೆ. ಕೆಳಗೊಂದು ಚಿತ್ರ. ವರ್ತಕರ ಅರವತ್ತು ಮನೆಗಳಲ್ಲಿ ಮೊದಲನೇ ಮನೆಯ ಮೂಲಪುರುಷ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಳಿವೆಯನ್ನು ಈಜಿ ದಾಟುತ್ತಿದ್ದಾನೆ!

ಆರು ಗಾಡಿಗಳಲ್ಲಿ ಹೇರಿ ಗುಡ್ಡ ಇಳಿಸಿದ ಹಗ್ಗ ಅದು. ಹಲ್ಲಿನಲ್ಲಿ ಕಚ್ಚಿದ್ದರೆ ಹಗ್ಗ ದಡದಲ್ಲೇ ಇರುತ್ತಿತ್ತು, ಹಲ್ಲೂ ಅದರ ಜೊತೆಗೇ ಇರುತ್ತಿತ್ತು. ಅಮ್ಮನಿಗೆ ಈಗ ಕಣ್ಣು ಪೂರ್ತಿ ಮಂಜಾಗಿದೆಯಲ್ಲ, ನಾನೇ ಓದಿ ಹೇಳಿದೆ. ರಾಟೆ ತಿರುಗಿಸುತ್ತಿದ್ದವಳು ನಿಲ್ಲಿಸದೆಯೇ ಹೇಳಿದಳು: "ಈಜಿದ್ನಂತಾ? ಆವತ್ತು ಅವ್ನು ಎಣ್ಣೆ ಉಗ್ರಾಣದ ಪೀಪಾಯಿ ಒಳಗೆ ಅಡಗಿ ಕೂತಿದ್ದ ಅಂತ ನಮ್ಮಜ್ಜಿ ಹೇಳ್ತಿದ್ಲು. ಪೀಪಾಯಿಲಿ ಎಣ್ಣೆ ಉಳಿದಿತ್ತೇನೋ, ಅದ್ರಲ್ಲೇ ಈಜಿರ್ಬೇಕು."

ರಾಜಧಾನಿಯ ಗಾಳಿಗೆ ನೀನು ಮರೆತಿರಬಹುದು, ಇನ್ನೊಂದು ಸಲ ಹೇಳುತ್ತೇನೆ. ರಾಜ ಹನ್ನೆರಡು ಹಡಗು ತಂದು ಬಂದರನ್ನು ಮುರಿಯಲು ಬಂದಾಗ ಅರವತ್ತು ಮನೆಯ ವರ್ತಕರೂ ಉಗ್ರಾಣಗಳಿಗೆ ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಿದ್ದರು. ನಮ್ಮ ಅಂಗಳದ ಇಪ್ಪತ್ತೊಂದು ಹೆಂಗಸರು ಅಳಿವೆಯ ಈ ಬಂಡೆಯಿಂದ ಆ ಬಂಡೆಗೆ, ನೀರಿನ ಒಂದು ಗೇಣು ಕೆಳಗೆ, ಹಗ್ಗ ಎಳೆದು ಕಟ್ಟಿದರು. ಆಚೆ ದಡದ ಗೂಟ ಕಿತ್ತು ಬಂತು. ಅಲ್ಲಿದ್ದ ಒಂಬತ್ತು ಜನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಂಡೆಗೆ ಕಾಲು ಕೊಟ್ಟು ನಿಂತರು. ಹಡಗುಗಳು ಹಗ್ಗಕ್ಕೆ ಸಿಕ್ಕಿ ಒಂದರ ಮೇಲೊಂದು ಬಿದ್ದು ಮುಳುಗಿದವು. ಆ ಒಂಬತ್ತು ಜನ ಮನೆಗೆ ಬರಲಿಲ್ಲ. ಆಮೇಲೆ ವರ್ತಕರು ಹೊರಗೆ ಬಂದರು. ಬಂದವರೇ ರಾಜನ ಸಿಂಹಾಸನವನ್ನು ಗರಗಸದಲ್ಲಿ ಕೊಯ್ದು ಅರವತ್ತು ಪಾಲು ಮಾಡಿ ಹಂಚಿಕೊಂಡರು. ಅಷ್ಟೇ ಅವರು ಮಾಡಿದ ಯುದ್ಧ.

ಇವತ್ತಿಗೂ ನಾವು ಹಗ್ಗ ಹೊಸೆಯುವಾಗ ಒಂದು ಎರಡು ಅಂತ ಎಣಿಸುವುದಿಲ್ಲ. ಎಡಚಿ, ಗಿಡ್ಡಿ, ಹಾಡುಗಾರ್ತಿ, ಬಿಕ್ಕಳಿಕೆ ಅಜ್ಜಿ ಅಂತ ಹೆಸರು ಹೇಳುತ್ತಲೇ ಸುತ್ತು ಎಣಿಸುತ್ತೇವೆ. ಇಪ್ಪತ್ತೊಂದನೆಯದು ಬಸುರಿ. ಅವಳ ಹೊಟ್ಟೆಯಲ್ಲಿದ್ದ ಮಗುವಿನಿಂದಲೇ ನಾವೆಲ್ಲ. ಶಾಲೆಯ ಮೊದಲ ದಿನ ಮೇಷ್ಟ್ರು "ಎಣಿಸು" ಅಂದರೆ ನೀನು "ಎಡಚಿ, ಗಿಡ್ಡಿ" ಅಂತ ಶುರುಮಾಡಿ ಏಟು ತಿಂದವನು.

ನೀನು ಚರಿತ್ರೆ ಕಚೇರಿಯಲ್ಲೇ ಐದು ವರ್ಷದಿಂದ ಬರಹಗಾರನಾಗಿದ್ದೀಯ. ಆ ಇಪ್ಪತ್ತೊಂದು ಹೆಸರು ಆ ಪುಸ್ತಕದಲ್ಲಿ ಬರಬೇಕು. ಬೇರೆ ಏನೂ ಬೇಡ. ನೂರು ವರ್ಷ ಮುಚ್ಚಿಬಿಟ್ಟರೆ ಆಮೇಲೆ ಹೆಸರು ಹೇಳುವವರು ಯಾರು ಉಳಿದಿರುತ್ತಾರೆ?

ನಿನ್ನ ಅಕ್ಕ


ಚರಿತ್ರೆ ಕಚೇರಿ, ರಾಜಧಾನಿ
ಎರಡನೇ ತಿಂಗಳ ಹದಿನೇಳು

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಓದುತ್ತಿದ್ದಾಗ ಪಕ್ಕದ ಮೇಜಿನವನು "ಊರಲ್ಲಿ ಏನು, ಜಗಳಾನಾ?" ಅಂತ ಕೇಳಿದ. ಅಕ್ಷರಗಳೇ ಹಾಗಿದ್ದವು, ಕಾಗದದ ಹಿಂಬದಿಗೂ ಒತ್ತು ಮೂಡಿತ್ತು. ಅಮ್ಮನ ಪೀಪಾಯಿ ಮಾತಿಗೆ ಒಬ್ಬನೇ ನಕ್ಕೆ.

ಕೋಪ ಮಾಡಿಕೊಳ್ಳಬೇಡ, ಇಲ್ಲಿನ ರೀತಿ ಸ್ವಲ್ಪ ತಿಳಿದುಕೋ. ನಾವು ನಲವತ್ತು ಜನ ಒಂದು ಉದ್ದನೆಯ ಕೋಣೆಯಲ್ಲಿ ಕೂರುತ್ತೇವೆ. ಹಿಂದೆ ಅದು ಮೆಣಸಿನ ಉಗ್ರಾಣ, ಈಗಲೂ ಕಿಟಕಿ ತೆಗೆದರೆ ಎಲ್ಲರಿಗೂ ಸೀನು. ಯಾವ ಅಧ್ಯಾಯ ಯಾರಿಗೆ ಅನ್ನುವುದು ವರ್ತಕರ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹಳೇ ಸಂತೆಯ ದಲ್ಲಾಳಿಗಳ ಹಾಗೆ ಒಂದು ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳಿನಲ್ಲೇ ಮಾತು ಮುಗಿಸಿ, ವಸ್ತ್ರ ತೆಗೆಯುವಷ್ಟರಲ್ಲಿ ನಾಡಿನ ಕಾನೂನು ಒಂದು ಹುಟ್ಟಿರುತ್ತದೆ. ಕೊನೆಯಲ್ಲಿ ಕೂಗುವವನು ಮೂರು ಸಲ "ಇನ್ನು ಯಾರಾದ್ರೂ?" ಅಂತ ಕೇಳುತ್ತಾನೆ. ಮೂರನೇ ಕೂಗಿನೊಳಗೆ ಯಾವ ಪ್ರಜೆ ಬೇಕಾದರೂ ಒಂದು ಪ್ರಶ್ನೆ ಕೇಳಬಹುದು. ನಾನು ಬಂದ ಮೇಲೆ ಯಾರೂ ಕೇಳಿದ್ದು ನೋಡಿಲ್ಲ.

ಅಳಿವೆಯ ಅಧ್ಯಾಯ ಬೇರೊಬ್ಬರ ಕೈಯಲ್ಲಿದೆ. ಬಾಯಿಮಾತನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ, ಸಾಕ್ಷಿ ಬೇಕು. ಅಳಿವೆಯಿಂದ ಎತ್ತಿದ ಹಗ್ಗದ ಅರವತ್ತು ಮಾರು ತುಂಡು ಸಭಾಭವನದ ಗಾಜಿನ ಪೆಟ್ಟಿಗೆಯಲ್ಲಿದೆ, ಆದರೆ ಅದನ್ನು ಮುಟ್ಟುವಂತಿಲ್ಲ. ನೋಡೋಣ, ನನ್ನ ಕೈಲಾದದ್ದು ಮಾಡುತ್ತೇನೆ.

ಅಮ್ಮನಿಗೆ ಕಣ್ಣಿಗೆ ಹಾಕುವ ಹನಿ ಕಳಿಸುತ್ತಿದ್ದೇನೆ.

ನಿನ್ನ ತಮ್ಮ


ಹಗ್ಗದಂಗಳ
ಮೂರನೇ ತಿಂಗಳ ಒಂದು

ತಮ್ಮಾ,

ಸಾಕ್ಷಿ ಬೇಕಂತೆ! ಸಾಕ್ಷಿ ಆ ಗಾಜಿನ ಪೆಟ್ಟಿಗೆಯಲ್ಲೇ ಸುರುಳಿ ಸುತ್ತಿಕೊಂಡು ಕೂತಿದೆ. ನಾರಿನ ಮನೆಯಲ್ಲಿ ಹುಟ್ಟಿದವನಿಗೆ ಇದನ್ನೂ ನಾನೇ ಹೇಳಿಕೊಡಬೇಕೇ?

ಪ್ರತಿ ಅಂಗಳವೂ ತಾನು ಹೊಸೆದ ಹಗ್ಗದ ನಟ್ಟನಡುವೆ ಬಣ್ಣದ ಎಳೆಯೊಂದನ್ನು ಸೇರಿಸಲೇಬೇಕು. ನಮ್ಮದು ನೀಲಿ. ಹೊಳೆಯ ಆಚೆಯವರದು ಕೆಂಪು. ಅದಕ್ಕೆ ತಪ್ಪಿನ ಎಳೆ ಅಂತ ಹೆಸರಿಟ್ಟವರೇ ವರ್ತಕರು. ರಾಜನ ಕಾಲದಲ್ಲೇ ಅವರು ಮಾಡಿದ ಕಟ್ಟಳೆ ಅದು. ಹಗ್ಗ ಹರಿದು ಹಡಗೋ ಸರಕೋ ಹೋದರೆ, ತುಂಡಾದ ತುದಿ ಬಿಡಿಸಿ ನೋಡಿ, ಯಾರ ಬಣ್ಣವೋ ಅವರ ತಪ್ಪು. ಅದನ್ನು ಬರೆದಿಡಲು ತಪ್ಪಿನ ಪುಸ್ತಕ ಅಂತ ಬೇರೆ ಇದೆ. ಹೊಸೆದ ಒಬ್ಬೊಬ್ಬರ ಹೆಸರನ್ನೂ ಬಿಡದೆ ಬರೆಯುತ್ತಾರೆ.

ಅಪ್ಪನನ್ನು ಹಿಡಿದುಕೊಂಡು ಹೋದದ್ದು ಅದೇ ಎಳೆಯಿಂದ. ಮೊದಲನೇ ಮನೆಯವರು ನಮ್ಮ ಹಗ್ಗವನ್ನು ಆರು ತಿಂಗಳು ಸುಣ್ಣದ ಉಗ್ರಾಣದಲ್ಲಿ ಬಿಸಾಡಿ, ಸುಟ್ಟುಹೋದ ನಾರನ್ನೇ ಭಾರ ಎತ್ತುವ ಯಂತ್ರಕ್ಕೆ ಕಟ್ಟಿದರು. ಇಬ್ಬರು ಹಮಾಲರು ಸತ್ತರು. ತುದಿಯಲ್ಲಿ ನೀಲಿ ಕಂಡಿತು. ಸುಣ್ಣದ ಬಗ್ಗೆ ಅಪ್ಪ ಎಷ್ಟು ಬಾಯಿ ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಮೂರನೇ ವರ್ಷ ಜೈಲಿನಿಂದ ಅವರ ಚಪ್ಪಲಿ ಮಾತ್ರ ಮನೆಗೆ ಬಂತು.

ಹರಿದಾಗ ನಮ್ಮದು, ಹಿಡಿದಾಗ ಅವರದು. ಇದು ಎಲ್ಲಿಯ ನ್ಯಾಯ ತಮ್ಮಾ?

ಪೆಟ್ಟಿಗೆ ತೆಗೆಸು. ಹಗ್ಗದ ತುದಿ ಬಿಡಿಸಿ ನೋಡಿ ಅಂತ ಹೇಳು. ಒಂದು ಬೆರಳಷ್ಟು ಬಿಡಿಸಿದರೆ ಸಾಕು. ನಿನ್ನ ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ಹೆದರಿದ್ದೀಯ, ನನಗೆ ಗೊತ್ತಾಗುತ್ತದೆ, ನೀನು ಮೊದಲಿನಿಂದಲೂ ಮೆತ್ತಗಿನವನು. ಹೆದರಬೇಡ. ಕೆಲಸ ಹೋದರೆ ಇಲ್ಲಿ ರಾಟೆ ಇದೆ. ಇಪ್ಪತ್ತೊಂದು ಹೆಸರನ್ನೂ ಅಮ್ಮ ಹೇಳಿದ ಕ್ರಮದಲ್ಲೇ ಬರೆದು ಇದರ ಜೊತೆ ಇಟ್ಟಿದ್ದೇನೆ. "ಹೆಸ್ರು ಬರೀವಾಗ ಹಾಡುಗಾರ್ತಿನ ಬಿಡ್ಬೇಡ, ಅವ್ಳಿಗೆ ಬೇಗ ಮುನಿಸು ಬರ್ತಿತ್ತಂತೆ" ಅಂತ ಅಮ್ಮ ಎರಡು ಸಲ ಹೇಳಿದಳು.

ಅಕ್ಕ


ಚರಿತ್ರೆ ಕಚೇರಿ
ಮೂರನೇ ತಿಂಗಳ ಹನ್ನೆರಡು

ಅಕ್ಕಾ,

ಹೆಸರುಗಳ ಪಟ್ಟಿ ತಲುಪಿತು. ಆ ಅಧ್ಯಾಯ ಬರೆಯುವವರಿಗೆ ಕೊಟ್ಟಿದ್ದೇನೆ. ಓದಿದರು. ಏನೂ ಹೇಳಲಿಲ್ಲ.

ಕೆಲಸ ತುಂಬ ಇದೆ. ಮುಂದೆ ವಿವರವಾಗಿ ಬರೆಯುತ್ತೇನೆ. ಹನಿ ಹಾಕುತ್ತಿದ್ದೀಯ ತಾನೆ?

ತಮ್ಮ


ಹಗ್ಗದಂಗಳ
ನಾಲ್ಕನೇ ತಿಂಗಳ ಒಂಬತ್ತು

ಬರಹಗಾರರಿಗೆ,

ಮೊನ್ನೆ ಸಭೆಯ ಅಧಿಕಾರಿಯೊಬ್ಬರು ಬಂದಿದ್ದರು. ಹೊಟ್ಟೆ ಮುಂದೆ, ಕೊಡೆ ಹಿಂದೆ. ಅರವತ್ತು ಮಾರಿನ ಹೊಸ ಹಗ್ಗ ಬೇಕಂತೆ, ಗಾಜಿನ ಪೆಟ್ಟಿಗೆಯ ಹಗ್ಗದಷ್ಟೇ ದಪ್ಪ, ಅದೇ ಮೂರು ಹುರಿ. ಆದರೆ ನಡುವೆ ಬಣ್ಣದ ಎಳೆ ಇರಕೂಡದಂತೆ. ನನ್ನ ಜನ್ಮದಲ್ಲಿ ಎಳೆ ಬೇಡ ಅಂದ ಮೊದಲ ಗಿರಾಕಿ. ಯಾಕೆ ಅಂದರೆ "ಅದು ಮೇಲಿನವರ ವಿಷ್ಯ" ಅಂದರು.

ಅಷ್ಟಕ್ಕೆ ಹೋಗಿದ್ದರೆ ಚೆನ್ನಾಗಿತ್ತು. ನಮಗೆಲ್ಲ ಹೆಮ್ಮೆಯಾಗಲಿ ಅಂತ, ಹೊಸ ಚರಿತ್ರೆಯ ಅಳಿವೆ ಅಧ್ಯಾಯವನ್ನು ಜೋಬಿನಿಂದ ತೆಗೆದು ಓದಿದರು. ಹದಿನೆಂಟು ಜನ ನಾರು ಕೈಯಲ್ಲಿ ಹಿಡಿದು ನಿಂತು ಕೇಳಿದೆವು. ಮೂಲಪುರುಷ ಈಜಿದ. ಮೂಲಪುರುಷ ಕಟ್ಟಿದ. ದಡಕ್ಕೆ ಬಂದು ಮೂಲಪುರುಷ ಅಂದನಂತೆ: "ನೀರು ಕೈಬಿಟ್ಟಿತು, ಗೂಟ ಕೈಬಿಟ್ಟಿತು, ನಾನು ಮಾತ್ರ ಬಿಡಲಿಲ್ಲ."

ಅಮ್ಮ ರಾಟೆ ನಿಲ್ಲಿಸಿದಳು.

ಅದು ಅವಳ ಮಾತು. ನಿನಗೆ ಜ್ವರ ಬಂದಾಗೆಲ್ಲ ಪಕ್ಕದಲ್ಲಿ ಕೂತು ಆ ಒಂಬತ್ತು ಜನರ ಕಥೆ ಹೇಳಿ, ಕೊನೆಗೆ ಹೇಳುತ್ತಿದ್ದ ಮಾತು. "ನೀರು ಕೈಬಿಡ್ತು, ಗೂಟ ಕೈಬಿಡ್ತು, ಅವ್ರು ಮಾತ್ರ ಬಿಡ್ಲಿಲ್ಲ ಮಗಾ." ಈ ನಾಡಿನಲ್ಲಿ ಆ ಮಾತು ಗೊತ್ತಿರುವವರು ಮೂರೇ ಜನ. ಅಮ್ಮ ಬರೆದಿಲ್ಲ, ನಾನು ಬರೆದಿಲ್ಲ.

ಬೇರೊಬ್ಬರ ಕೈಯಲ್ಲಿದೆ ಅಂದೆಯಲ್ಲ! ಪಟ್ಟಿ ಅವರಿಗೆ ಕೊಟ್ಟೆ, ಓದಿದರು, ಏನೂ ಹೇಳಲಿಲ್ಲ ಅಂದೆಯಲ್ಲ! ಯಾವ ಮುಖ ಇಟ್ಟುಕೊಂಡು ಹಾಗೆ ಬರೆದೆ? ಕಚೇರಿಯಲ್ಲಿ ನಿನಗೆ ಯಾರೂ ಕಿವಿಗೊಡುತ್ತಿಲ್ಲ, ಪಾಪ ಒಬ್ಬನೇ ಹೋರಾಡುತ್ತಿದ್ದಾನೆ ಅಂತ ಇಡೀ ಅಂಗಳಕ್ಕೆ ಹೇಳಿಕೊಂಡು ತಿರುಗಿದೆ ನಾನು. ನನಗೆ ನನ್ನ ಮೇಲೇ ನಾಚಿಕೆಯಾಗಿದೆ.

ಅವರು ಸುಳ್ಳು ಹೇಳಿದರೆ ಹೊಟ್ಟೆಪಾಡು ಅಂದುಕೊಳ್ಳಬಹುದು. ನೀನು ಅಮ್ಮನ ಬಾಯಿಂದ ಮಾತು ಕಿತ್ತು, ಅಪ್ಪನನ್ನು ಕೊಂದ ಮನೆಯವನ ಬಾಯಿಗೆ ತುರುಕಿದ್ದೀಯ.

ಇನ್ನು ಪತ್ರ ಬರೆಯಬೇಡ. ಹನಿಯನ್ನೂ ಕಳಿಸಬೇಡ.


ರಾಜಧಾನಿ
ನಾಲ್ಕನೇ ತಿಂಗಳ ಇಪ್ಪತ್ತೊಂದು

ಅಕ್ಕಾ,

ಉತ್ತರ ಬರೆಯಲು ನಾಲ್ಕು ಸಲ ಕುಳಿತೆ. ಆಗುತ್ತಿಲ್ಲ.

ಹೌದು, ನಾನೇ.


ರಾಜಧಾನಿ
ಐದನೇ ತಿಂಗಳ ಹದಿನಾಲ್ಕು

ಅಕ್ಕಾ,

ನೀನು ಇದನ್ನು ಓದದೆ ಒಲೆಗೆ ಹಾಕಬಹುದು. ಆದರೂ ಬರೆಯುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದಕ್ಕಿಂತ ನಾನು ಹೆಚ್ಚು ಕೆಟ್ಟವನು.

ಮೂರು ವರ್ಷದ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಹುಳ ಬಿದ್ದು ಹಗ್ಗದ ಒಂದು ತುದಿ ಜಾಳಾಗಿತ್ತು. ಅಳತೆ ಬರೆದುಕೊಳ್ಳಲು ಮುಖ್ಯ ಬರಹಗಾರರು ನನ್ನನ್ನು ಕರೆದುಕೊಂಡು ಹೋದರು. ಬೇರೆ ಯಾರೂ ಇರಲಿಲ್ಲ. ತುದಿಗೆ ದಾರ ಬಿಗಿಯುವಾಗ ಹುರಿ ಸ್ವಲ್ಪ ಬಿಚ್ಚಿಕೊಂಡಿತು. ನಡುವೆ ನೀಲಿ ಇತ್ತು. ಮಾಸಿರಲಿಲ್ಲ ಅಕ್ಕಾ. ನಾರೆಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಎಳೆ ಮಾತ್ರ ನಿನ್ನೆ ಅದ್ದಿ ತೆಗೆದ ಹಾಗಿತ್ತು.

ಅವರು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಏನು ಕಂಡ್ರಿ?"

"ಹಗ್ಗ ಸರ್" ಅಂದೆ.

"ಒಳ್ಳೇದು. ಕಣ್ಣು ಚೆನ್ನಾಗಿದೆ ನಿಮ್ದು" ಅಂದರು. ಮುಂದಿನ ತಿಂಗಳು ನನಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಆಮೇಲೆ ಅಳಿವೆಯ ಅಧ್ಯಾಯ ಸಿಕ್ಕಿತು.

ನೆಪ ಹೇಳುವುದಿಲ್ಲ. ಇಲ್ಲಿ ಬಂದ ಮೊದಲೆರಡು ವರ್ಷ ನನ್ನನ್ನು "ತಪ್ಪಿನ ಪುಸ್ತಕದವನ ಮಗ" ಅಂತಲೇ ಕರೆಯುತ್ತಿದ್ದರು. ನನ್ನ ಪೆನ್ನು ಮುಟ್ಟಿದರೂ ಕೈ ಒರೆಸಿಕೊಳ್ಳುತ್ತಿದ್ದರು. ಆ ಹೆಸರು ಹೋಗಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಧ್ಯಾಯ ಬರೆಯುವಾಗ ಮೂಲಪುರುಷನ ಬಾಯಿಗೆ ಹಾಕಲು ಒಂದು ಒಳ್ಳೆಯ ಮಾತು ಬೇಕಾಗಿತ್ತು. ನನಗೆ ಗೊತ್ತಿದ್ದ ಒಳ್ಳೆಯ ಮಾತು ಅದೊಂದೇ.

ಈಗ ಹೊಸ ಹಗ್ಗ ಯಾಕೆ ಅಂತ ಹೇಳುತ್ತೇನೆ. ಆರನೇ ತಿಂಗಳ ಹದಿನೈದಕ್ಕೆ ಹಳೇ ಹಗ್ಗವನ್ನು ಕತ್ತರಿಸಿ ಅರವತ್ತು ಮನೆಗೂ ಒಂದೊಂದು ಮಾರು ಹಂಚುತ್ತಾರಂತೆ. ಒಂದು ವಸ್ತು ಇಡಿಯಾಗಿ ಒಂದು ಕಡೆ ಇರುವುದನ್ನು ಇವರಿಂದ ನೋಡಲಾಗುವುದಿಲ್ಲ, ನೀನು ಸಿಂಹಾಸನದ ಬಗ್ಗೆ ಬರೆದಿದ್ದೆಯಲ್ಲ. ನಿಮ್ಮ ಹೊಸ ಹಗ್ಗ ಪೆಟ್ಟಿಗೆಗೆ ಹೋಗುತ್ತದೆ. ಎಳೆ ಬೇಡ ಅಂದದ್ದು ಶಾಸ್ತ್ರಕ್ಕೆ ಅಷ್ಟೇ, ಮೂಲಪುರುಷನ ಹಗ್ಗದಲ್ಲಿ ತಪ್ಪಿನ ಎಳೆ ಎಲ್ಲಿಂದ ಬರಬೇಕು ಅನ್ನುವ ಲೆಕ್ಕ. ಒಳಗೆ ಏನಿದೆ ಅಂತ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಮುಖ್ಯ ಬರಹಗಾರರು ಹೋದ ವರ್ಷ ತೀರಿಕೊಂಡರು. ಗೊತ್ತಿರುವವನು ನಾನೊಬ್ಬನೇ. ಕತ್ತರಿಸಿದರೆ ನೀಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ನಾನು ಒಂದು ಮಾತು ಹೇಳಿದರೆ ಕತ್ತರಿ ನಿಲ್ಲುತ್ತದೆ, ನನಗೆ ಇನ್ನೂ ದೊಡ್ಡ ಮೇಜು ಸಿಗುತ್ತದೆ.

ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಮೂರು ವರ್ಷ ಅಭ್ಯಾಸವಾಗಿದೆ, ಇನ್ನೊಂದು ತಿಂಗಳು ಕಷ್ಟವಲ್ಲ.

ತಮ್ಮ


ಹಗ್ಗದಂಗಳ
ಐದನೇ ತಿಂಗಳ ಇಪ್ಪತ್ತಾರು

ಒಲೆಗೆ ಹಾಕಲಿಲ್ಲ. ಹಾಕಬೇಕು ಅಂತಲೇ ಎದ್ದಿದ್ದೆ. ಅಮ್ಮ "ಓದಿ ಆಮೇಲೆ ಹಾಕು" ಅಂದಳು.

ಓದಿ ಹೇಳಿದೆ. ಕಿಟಕಿ ಪಕ್ಕದ ಮೇಜಿನ ಮಾತು ಬಂದಾಗ ಸಿಟ್ಟಿಗೆ ಕಾಗದ ಮುದುರಿಬಿಟ್ಟೆ. ನೀಲಿ ಮಾಸಿರಲಿಲ್ಲ ಅನ್ನುವ ಕಡೆ ಅಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ "ಬಣ್ಣ ಕಟ್ಟೋದು ಆ ಕಾಲ್ದೋರಿಗೆ ಗೊತ್ತಿತ್ತು" ಅಂದು ಎದ್ದು ಹೋದಳು.

ಹೊಸ ಹಗ್ಗ ಇವತ್ತು ಗಾಡಿಗೆ ಏರಿತು. ಕೇಳಿದ ಹಾಗೆಯೇ ಎಳೆ ಇಲ್ಲದೆ ಹೊಸೆದಿದ್ದೇವೆ. ಹರಿದರೂ ಯಾರ ತಪ್ಪೂ ಅಲ್ಲದ ಹಗ್ಗ. ಆ ಸಭೆಗೆ ಅದೇ ಸರಿ.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಸುಮ್ಮನೆ ಕೂರುವುದು ಯಾವ ದೊಡ್ಡ ಸಾಹಸವೂ ಅಲ್ಲ. ಹದಿನೈದರಂದು ಏನಾಯಿತು ಅಂತ ಬರೆ.


ರಾಜಧಾನಿ
ಆರನೇ ತಿಂಗಳ ಹದಿನಾರು

ಅಕ್ಕಾ,

ನಿನ್ನೆ ಕತ್ತರಿಸಿದರು.

ಸಭಾಭವನದಲ್ಲಿ ಸಿಂಹಾಸನದ ಜಾಗದಲ್ಲಿ ಆಳೆತ್ತರದ ತಕ್ಕಡಿ ಇದೆ. ಅದರ ಮುಂದೆ ಉದ್ದ ಮೇಜು ಹಾಕಿ ಹಗ್ಗ ಚಾಚಿದ್ದರು. ಮೊದಲನೇ ಮನೆಯ ಯಜಮಾನರು ಬೆಳ್ಳಿಯ ಹಿಡಿಯ ಕತ್ತಿಯಿಂದ ಮೊದಲ ತುಂಡು ಕೊಯ್ದು, ಎರಡನೇ ಮನೆಯವರ ಕೈಗೆ ಕೊಟ್ಟರು. ಅವರು ತುದಿಯನ್ನು ಕಣ್ಣ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಇದೇನಿದು, ನೀಲಿ?" ಅಂತ ಜೋರಾಗಿಯೇ ಕೇಳಿಬಿಟ್ಟರು. ಎರಡನೇ ತುಂಡು, ಮೂರನೇ ತುಂಡು, ಎಲ್ಲದರಲ್ಲೂ ನೀಲಿ ಚುಕ್ಕೆ. ವರ್ತಕರಿಗೆ ತಪ್ಪಿನ ಎಳೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಅಕ್ಕಾ, ಆ ಒಂದು ಗಳಿಗೆ ನನಗೆ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ ಅನ್ನಿಸಿತು.

ವಸ್ತ್ರ ತರಿಸಿದರು. ಐದು ಜನ ಯಜಮಾನರು ಅದರ ಕೆಳಗೆ ಕೈ ಹಾಕಿದರು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು, ಅಷ್ಟೇ. ವಸ್ತ್ರ ತೆಗೆದು ಮೊದಲನೇ ಮನೆಯ ಯಜಮಾನರು ನಗುನಗುತ್ತಾ ಹೇಳಿದರು: "ನೀಲಿ ನಮ್ಮ ಮನೆತನದ ಬಣ್ಣ. ಮೂಲಪುರುಷರು ತಮ್ಮ ಕೈಯಾರೆ ಸೇರ್ಸಿದ ಎಳೆ ಇದು. ಈವತ್ತು ನಮ್ಮ ಪುಣ್ಯಕ್ಕೆ ಕಣ್ಣಿಗೆ ಬಿತ್ತು." ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣು ಒರೆಸಿಕೊಂಡರು!

ಸಂಜೆ ನನಗೆ ಅಪ್ಪಣೆ ಬಂತು. ಅಧ್ಯಾಯಕ್ಕೆ ಈ ನೀಲಿಯ ಪ್ರಸಂಗವನ್ನೂ ಸೇರಿಸಬೇಕಂತೆ, ಚೆನ್ನಾಗಿ, ಓದಿದವರ ಮೈ ಜುಮ್ಮೆನ್ನುವ ಹಾಗೆ.

ಸತ್ಯ ಹೊರಗೆ ಬಿದ್ದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಅಂದುಕೊಂಡಿದ್ದೆ. ಎಂಥ ದಡ್ಡ ನಾನು. ಹಾಡಹಗಲಲ್ಲಿ, ಎಲ್ಲರ ಕಣ್ಣೆದುರು, ಅದನ್ನೂ ಎತ್ತಿ ಜೋಬಿಗೆ ಹಾಕಿಕೊಂಡರು. ಬರುವ ತಿಂಗಳ ಹದಿನೈದಕ್ಕೆ ಮೊಹರು. ಏನು ಮಾಡಲಿ ಹೇಳು. ಈ ಸಲ ಹೇಳಿದ್ದು ಮಾಡುತ್ತೇನೆ.

ತಮ್ಮ


ಹಗ್ಗದಂಗಳ
ಆರನೇ ತಿಂಗಳ ಇಪ್ಪತ್ತೇಳು

ತಮ್ಮಾ,

ಓದಿ ಮುಗಿಸಿ ನಾನು ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ನಾರು ತರುವ ಗಾಡಿಯವನು ತನಗೇ ಬೈದದ್ದು ಅಂತ ಮುಖ ಸಣ್ಣ ಮಾಡಿಕೊಂಡು ಹೋದ. ಅಮ್ಮ ಮಾತ್ರ ನಕ್ಕಳು. ನನಗೆ ಇನ್ನೂ ರೇಗಿತು.

"ನಗೋದು ಯಾಕೆ?" ಅಂದೆ.

"ನೀಲಿ ಅವ್ರದಂತಾ? ಎಲ್ಲರ ಮುಂದೆ ಹೇಳಿದ್ರಂತಾ?" ಅಂದಳು. "ಹಾಗಾದ್ರೆ ತಪ್ಪಿನ ಪುಸ್ತಕದಲ್ಲಿರೋ ನೀಲಿನೂ ಅವ್ರದೇ ತಾನೆ?"

ಅರ್ಥವಾಯಿತೇ? ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇನ್ನೂರು ವರ್ಷದಲ್ಲಿ ನೀಲಿ ಎಳೆಯ ಎಷ್ಟು ಹಗ್ಗ ಹರಿದಿವೆ ಅಂತ ಆ ಪುಸ್ತಕದಲ್ಲೇ ಇದೆ. ಎಷ್ಟು ಹಡಗು ತೇಲಿಹೋಗಿವೆ, ಯಾವ ಯಾವ ಮನೆಯ ಸರಕು ನೀರುಪಾಲಾಗಿದೆ, ಎಲ್ಲ ಇದೆ. ಇಲ್ಲಿಯವರೆಗೆ ಆ ಮನೆಗಳವರು ಬಡ ಹಗ್ಗದವರನ್ನು ಹಿಂಡಿ ಏನು ಸಿಗುತ್ತದೆ ಅಂತ ನಷ್ಟ ಕೇಳದೆ ಸುಮ್ಮನಿದ್ದರು. ತಪ್ಪು ಮೊದಲನೇ ಮನೆಯದು ಅಂತಾದರೆ ಸುಮ್ಮನಿರುತ್ತಾರೆಯೇ? ಸಿಂಹಾಸನವನ್ನೇ ಕೊಯ್ದು ಹಂಚಿಕೊಂಡವರು!

ಮೊಹರಿಗೆ ಮುಂಚೆ ಕೂಗುವವನು ಮೂರು ಸಲ ಕೇಳುತ್ತಾನೆ ಅಂತ ನೀನೇ ಬರೆದಿದ್ದೆ. ಪ್ರಶ್ನೆ ಒಂದೇ ಅಲ್ಲವೇ? ಇದನ್ನು ಕೇಳು. ತಪ್ಪಿನ ಪುಸ್ತಕ ಕೈಯಲ್ಲಿ ಹಿಡಿದು ಕೇಳು. ಅಪ್ಪನ ಪುಟ ತೆರೆದು ಕೇಳು.

ಹೆದರಿಕೆಯಾದರೆ ಎಡಚಿಯಿಂದ ಎಣಿಸು.

ಅಕ್ಕ


ರಾಜಧಾನಿ, ಛತ್ರದ ಜಗುಲಿ
ಏಳನೇ ತಿಂಗಳ ಹದಿನಾರು

ಅಕ್ಕಾ,

ವಿಳಾಸ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಮೇಜು ಹೋಯಿತು, ಕೋಣೆಯೂ ಹೋಯಿತು. ನನ್ನ ಸಾಮಾನಿನ ಪೆಟ್ಟಿಗೆಗೆ ಕಟ್ಟಲು ಹಗ್ಗ ಸಿಗದೆ ಪಂಚೆಯಿಂದ ಕಟ್ಟಿದ್ದೇನೆ. ನಗು ಬೇಕಾದರೆ.

ನಿನ್ನೆ ಸಭೆಯಲ್ಲಿ ಚರಿತ್ರೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ನೀಲಿಯ ಪ್ರಸಂಗವನ್ನು ನಾನು ಬರೆಯಲಿಲ್ಲ, ಬೇರೊಬ್ಬ ಬರೆದ. ನಿಜವಾಗಿಯೂ ಬೇರೊಬ್ಬ. ಅರಗು ಕಾಯುತ್ತಿತ್ತು. ಕೂಗುವವನು "ಇನ್ನು ಯಾರಾದ್ರೂ?" ಅಂದ. ನಾನು ಎಡಚಿ ಅಂದೆ ಮನಸ್ಸಿನಲ್ಲಿ. ಎರಡನೇ ಸಲ ಕೂಗಿದ. ಬಿಕ್ಕಳಿಕೆ ಅಜ್ಜಿಯವರೆಗೆ ಬಂದಿದ್ದೆ. ಬಸುರಿಯವರೆಗೆ ಕಾದರೆ ಮೊಹರು ಬಿದ್ದುಹೋಗುತ್ತದೆ ಅಂತ ಎದ್ದು ನಿಂತುಬಿಟ್ಟೆ.

"ನೀಲಿ ಮೊದಲನೇ ಮನೇದು ಅಂತ ಸಭೆ ಒಪ್ಪಿದೆ. ಈ ಪುಸ್ತಕದಲ್ಲಿ ನೀಲಿ ಎಳೆಯ ನಲವತ್ತಾರು ತಪ್ಪು ಬರೆದಿದೆ. ಅವೂ ಮೊದಲನೇ ಮನೇವೇ ತಾನೆ?" ಅಂತ ಕೇಳಿದೆ. ಕೊನೆಯ ಸಾಲಿನವರೆಗೂ ಕೇಳಿಸಿತು.

ಅಪ್ಪನ ಪುಟ ಓದಿದೆ. ಇಬ್ಬರು ಹಮಾಲರ ಹೆಸರೂ ಓದಿದೆ. ಮೊದಲನೇ ಮನೆಯವರು ನಕ್ಕರು. ಆದರೆ ಹದಿನೇಳನೇ ಮನೆಯ ಮುದುಕರು ನಗಲಿಲ್ಲ. "ಸ್ವಲ್ಪ ಆ ಪುಸ್ತಕ ಈ ಕಡೆ ಕೊಡಿ. ನಮ್ಮಜ್ಜನ ಕಾಲದಲ್ಲಿ ಎರಡು ಹಡಗು ಹೋಗಿದ್ವು" ಅಂದರು. ನಲವತ್ತನೆಯವರು ಎದ್ದರು. ಇಪ್ಪತ್ತೆರಡನೆಯವರು ಎದ್ದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಂದು ಗಳಿಗೆಯಲ್ಲಿ ಎಲ್ಲರೂ ತಮ್ಮ ತಮ್ಮ ತಾತ ಮುತ್ತಾತಂದಿರ ನಷ್ಟ ಹುಡುಕತೊಡಗಿದ್ದರು. ಸತ್ಯ ಯಾರಿಗೂ ಬೇಕಿರಲಿಲ್ಲ ಅಕ್ಕಾ, ಅವರಲ್ಲಿ ಒಬ್ಬರಿಗೂ ಬೇಕಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ವಸ್ತ್ರ ತರಿಸಿದರು. ಈ ಸಲ ಅರ್ಧ ದಿನ ಹಿಡಿಯಿತು. ಕೊನೆಗೆ ಮೊದಲನೇ ಮನೆಯ ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಹೇಳಿದರು: "ನೀಲಿ ನಮ್ದಲ್ಲ. ಯಾವತ್ತೂ ನಮ್ದಾಗಿರಲಿಲ್ಲ. ಅದು ಗುಡ್ಡದ ಅಂಗಳದ ಹೆಂಗಸರದು."

ಅದನ್ನು ಅವರ ಬಾಯಿಂದಲೇ ಹೇಳಿಸಿದ್ದು ಅಮ್ಮ.

ಆದರೆ ಚರಿತ್ರೆಯಲ್ಲಿ ಹೆಂಗಸರನ್ನು ಸೇರಿಸಲಿಲ್ಲ. ನನ್ನ ನಾಲ್ಕು ಪುಟ ಕಿತ್ತರು. ಅಲ್ಲಿ ಈಗ ಇರುವುದು ಒಂದೇ ಸಾಲು: "ಆ ವರ್ಷ ರಾಜನ ಹಡಗುಗಳು ಮುಳುಗಿದವು." ಯಾರು ಮುಳುಗಿಸಿದರು ಅಂತ ಕೇಳುವ ಹಾಗಿಲ್ಲ. ಮೊಹರು ಬಿತ್ತು. ನಿನ್ನ ಬೇಡಿಕೆ ಅಷ್ಟರಮಟ್ಟಿಗೆ ಸೋತಿತು.

ಇನ್ನು ಇದು ಕೇಳು. ಯಾವ ಹಗ್ಗದ ಎಳೆ ಯಾರದು ಅಂತ ಸಭೆ ತೀರ್ಮಾನಿಸಿದರೂ ಅದನ್ನು ತಪ್ಪಿನ ಪುಸ್ತಕದಲ್ಲಿ ಬರೆಯಲೇಬೇಕು, ಅವರದೇ ಕಟ್ಟಳೆ. ಹೊಸೆದ ಒಬ್ಬೊಬ್ಬರ ಹೆಸರನ್ನೂ ಬರೆಯಲೇಬೇಕು. ನನ್ನ ಕೆಲಸ ಸಂಜೆಯವರೆಗೆ ಇತ್ತು, ಪುಸ್ತಕ ನನ್ನ ಕೈಗೇ ವಾಪಸು ಬಂದಿತ್ತು. ನೀನು ಕಳಿಸಿದ ಪಟ್ಟಿ ಅಂಗಿಯ ಜೋಬಿನಲ್ಲಿತ್ತು. ಕೂತು ಬರೆದೆ:

"ನೀಲಿ ಎಳೆ. ಅಳಿವೆಯ ಹಗ್ಗ. ರಾಜನ ಹನ್ನೆರಡು ಹಡಗುಗಳು ಮುಳುಗಿದವು. ತಪ್ಪು ಗುಡ್ಡದ ಅಂಗಳದ ಇಪ್ಪತ್ತೊಂದು ಹೆಂಗಸರದು."

ಕೆಳಗೆ ಇಪ್ಪತ್ತೊಂದು ಹೆಸರು. ಒಂಬತ್ತು ಹೆಸರಿನ ಮುಂದೆ, ಮನೆಗೆ ಬರಲಿಲ್ಲ ಅಂತ. ಹಾಡುಗಾರ್ತಿಯನ್ನು ಬಿಟ್ಟಿಲ್ಲ. ಅಮ್ಮನ ಮಾತನ್ನೂ ಅದರ ಜಾಗದಲ್ಲಿ ಇಟ್ಟಿದ್ದೇನೆ. ಅಪ್ಪನ ಪುಟದಿಂದ ಅದು ಹನ್ನೊಂದನೇ ಪುಟ. ಆ ಪುಸ್ತಕಕ್ಕೆ ಮೊಹರು ಹಾಕುವುದಿಲ್ಲ, ಯಾರು ಬೇಕಾದರೂ ಹೋಗಿ ಓದಬಹುದು.

ನಾಳೆ ಗಾಡಿ ಹಿಡಿಯುತ್ತೇನೆ. ಬರಬೇಡ ಅಂತ ಹೇಳುವುದಿದ್ದರೆ ಹೊಳೆ ದಾಟುವ ಕಟ್ಟೆಗೆ ಕಾಗದ ಹಾಕು. ಅಲ್ಲಿ ಎರಡು ದಿನ ಕಾಯುತ್ತೇನೆ.

ತಮ್ಮ


ಹಗ್ಗದಂಗಳ
ಏಳನೇ ತಿಂಗಳ ಇಪ್ಪತ್ತೇಳು
(ಹೊಳೆ ಕಟ್ಟೆಯ ಅಂಚೆಯವರಿಗೆ: ಪಂಚೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತಿರುವವನಿಗೆ ಕೊಡುವುದು)

ತಮ್ಮಾ,

ಸಿಟ್ಟು ಹೋಗಿಲ್ಲ. ಮೂಲಪುರುಷನ ಬಾಯಿಂದ ಆ ಮಾತು ಕೇಳಿದ ದಿನ ಅಮ್ಮನ ಮುಖ ಹೇಗಿತ್ತು ಅಂತ ನಾನು ನೋಡಿದ್ದೇನೆ, ನೀನು ನೋಡಿಲ್ಲ. ನೀನು ಬಂದ ಮೇಲೂ ಬಹಳ ದಿನ ಬೈಯುತ್ತೇನೆ, ಕೇಳಿಕೊಂಡಿರಬೇಕು.

ನಿನ್ನ ಪತ್ರವನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಚರಿತ್ರೆಯ ಒಂದು ಸಾಲಿಗೆ ಎಲ್ಲರೂ ಛೀಮಾರಿ ಹಾಕಿದರು. ತಪ್ಪಿನ ಪುಸ್ತಕದ ಪುಟ ಓದುವಾಗ ಇಪ್ಪತ್ತೊಂದು ಹೆಸರನ್ನೂ ಬಿಡದೆ ಹೇಳಿದೆ. ಅಮ್ಮ ಆ ಹೆಸರುಗಳನ್ನು ನನ್ನ ಜೊತೆಗೇ ತುಟಿಯಲ್ಲಿ ಹೇಳುತ್ತಿದ್ದಳು, ಸುತ್ತು ಎಣಿಸುವ ಹಾಗೆ. ಮುಗಿದ ಮೇಲೆ ಕೋಲು ಹಿಡಿದು ಎದ್ದಳು. ಗೋಡೆಯ ಮೇಲೆ ಆ ಚಿತ್ರ ಇನ್ನೂ ಇದೆ. ಗೋಡೆ ತಡವಿಕೊಂಡು ಅಲ್ಲಿಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು:

"ಹೌದು ಕಣ್ರೋ. ತಪ್ಪು ನಮ್ದೇ!"

ಬಾ. ಕಟ್ಟೆಯಲ್ಲಿ ಸುಮ್ಮನೆ ಕಾಯಬೇಡ. ಬಲಗಡೆಯ ರಾಟೆಗೆ ಕೈ ಬೇಕು.

ಅಕ್ಕ